ಬಾಣಂತಿಯ ಹಾಗೆ ಹೊದ್ದುಕೊಂಡ ಲಾರಿ

ನಾನು ಅಜ್ಜನಾದೆ! ಮಗಳಿಗೆ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಕ್ಷೇಮ. ಇದನ್ನು ಮೊದಲು ಹೇಳದೆ ನನಗೆ ಮುಂದಿನ ಮಾತೇ ಬರುವುದಿಲ್ಲ. ಆ ಕೂಸು ಈಗ ದೊಡ್ಡವಳಾಗಿದ್ದಾಳೆ, ನನ್ನ ಅಕ್ಷರ ನೋಡಿ ನಗುತ್ತಾಳೆ. ನಕ್ಕರೆ ನಗಲಿ, ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆ ಸುದ್ದಿ ನೆನೆದರೆ ಇವತ್ತೂ ಎದೆ ಕಾದ ಹಾಲಿನ ಹಾಗೆ ಉಕ್ಕುತ್ತದೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕುರ್ಲಾದಲ್ಲಿ ನಮ್ಮ ಚಾಳಿನ ಎದುರಿಗಿದ್ದ ಪಾನ್ ಅಂಗಡಿಗೆ ಅಳಿಯ ವಿಲೆ ಪಾರ್ಲೆಯಿಂದ ಫೋನ್ ಮಾಡಿದ್ದ. ಪಾನಿನವನು, "ಅರೇ, ನಾನಾ ಬನ್ ಗಯಾ ತೂ!" ಎಂದು ಹೊಸ ಅಜ್ಜನಾದ ನನ್ನ ಬಾಯಿಗೆ ಮೀಠಾ ಪಾನ್ ತುರುಕಿದ. ಚಹಾದವನಿಗೆ ಹೇಳಿದೆ, ಟೈರಿನವನಿಗೆ ಹೇಳಿದೆ. ಆಮೇಲೆ ಹೇಳಲು ಯಾರೂ ಉಳಿಯಲಿಲ್ಲ. ಖೋಲಿಯ ಬೀಗ ತೆಗೆದರೆ ಒಳಗೆ ಹೆಂಡತಿಯ ಫೋಟೋ. ಅವಳು ಹೋಗಿ ಬಹಳ ವರ್ಷವಾಗಿತ್ತು. ಬಾಯ್ತುಂಬ ಪಾನ್ ಇಟ್ಟುಕೊಂಡು, ಅಗಿಯಲೂ ಆಗದೆ ಉಗಿಯಲೂ ಆಗದೆ ಸುಮ್ಮನೆ ಕುಳಿತೆ. ಕೊನೆಗೆ ಹೊರಗೆ ಬಂದು ನಾನು ಓಡಿಸುವ ಲಾರಿಗೆ ಹೇಳಿದೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಬಾಣಂತಿಗೆ ಎಣ್ಣೆ ಹಚ್ಚಿ ಎರೆಯಬೇಕು, ತಲೆಗೆ ಬಟ್ಟೆ ಕಟ್ಟಬೇಕು, ಕಿವಿಯಲ್ಲಿ ಹತ್ತಿ ಇಟ್ಟು ಗಾಳಿ ಸೋಕದ ಹಾಗೆ ಕಾಯಬೇಕು. ಅದಕ್ಕೆಲ್ಲ ತಾಯಿ ಬೇಕು. ನನ್ನ ಮಗಳ ತವರೆಂದರೆ ಡ್ರೈವರನ ಒಂದು ಖೋಲಿ, ಒಂದು ಸ್ಟೋವ್. ಬಾಣಂತನವನ್ನು ಅವಳ ಅತ್ತೆಯೇ ಹೊತ್ತುಕೊಂಡಳು. ನನ್ನ ಪಾಲಿಗೆ ಉಳಿದದ್ದು ತವರಿನ ತೊಟ್ಟಿಲು ಒಂದೇ. ಹುಬ್ಬಳ್ಳಿಯ ಲೋಡು ಇಳಿಸಿ ಬರುವಾಗ ಕಲಘಟಗಿಗೆ ಸುತ್ತುಹಾಕಿ ಬಣ್ಣದ ತೊಟ್ಟಿಲು ಹೇರಿಕೊಂಡು ಬಂದೆ. ಹೆಸರಿಡುವುದು ಭಾನುವಾರ. ಲೋಡು ಇಲ್ಲದ ದಿನ, ಲಾರಿ ಒಯ್ಯಿ ಎಂದು ಅದರ ಮಾಲಕ ಸೇಠ್ ಹೇಳಿದ್ದ.

ಮಗಳು ಫೋನಿನಲ್ಲಿ, "ಅಪ್ಪಾ, ನಿನ್ನ ಹಾರ್ನ್ ಕೇಳೂತನಕ ಕೂಸಿನ್ನ ಉಡಿಯಾಗಿಂದ ಇಳಸಂಗಿಲ್ಲ ನಾ," ಎಂದಳು.

ಅವಳ ಅತ್ತೆ ಫೋನ್ ಕಸಿದುಕೊಂಡಳು. "ಬೀಗರ, ಹನ್ನೆರಡರೊಳಗ ಬರ್ರಿ. ತಡಾ ಆತಂದ್ರ ಮ್ಯಾಲಿನ ಮನಿಯವರ ತೊಟ್ಟಲಾ ತರಸತೇನಿ. ಆಮ್ಯಾಲ ಮಾರಿ ಊದಸ್ಕೊಂಡು ಕುಂಡ್ರಬ್ಯಾಡ್ರಿ."

ಮುಂಬೈಯಲ್ಲಿ ಎಂಥ ಚಳಿ ಎಂದು ಊರಿನವರು ನಗುತ್ತಾರೆ. ಮುದಿ ಎಂಜಿನ್ನಿಗೆ ಜನವರಿಯ ಅಷ್ಟು ಚಳಿಯೇ ಸಾಕು. ಪಿಸ್ಟನ್ನಿನ ರಿಂಗು ಸವೆದಿದ್ದವು. ಬೆಳಿಗ್ಗೆ ಕೆಮ್ಮಿ ಕೆಮ್ಮಿ, ಬೆಳ್ಳಗೆ ಹೊಗೆ ಉಗುಳಿ, ಮನಸ್ಸು ಬಂದರೆ ಏಳುತ್ತಿತ್ತು. ಅದಕ್ಕೇ ಶನಿವಾರ ಸಂಜೆ ತೊಟ್ಟಿಲನ್ನು ಲಾರಿಯ ಹಿಂದೆ ಹಗ್ಗದಿಂದ ಬಿಗಿದು, ನಾನು ಹೊದೆಯುವ ಕೌದಿಯನ್ನು ಬಾನೆಟ್ಟಿನ ಮೇಲೆ ಹಾಸಿದೆ.

ಚಾಳಿನ ಕೊನೆಯ ಖೋಲಿಯಲ್ಲಿ ಗುಲಬರ್ಗಾ ಕಡೆಯ ಮುದುಕಿಯೊಬ್ಬಳಿದ್ದಳು. ಇಲ್ಲಿ ಕಟ್ಟಡದ ಮೇಲೆ ಇಟ್ಟಿಗೆ ಹೊರುತ್ತಿದ್ದಳು, ಊರಲ್ಲಿ ಸೂಲಗಿತ್ತಿಯಾಗಿದ್ದವಳು. ಕೌದಿ ನೋಡಿ ನಿಂತಳು. "ಯಪ್ಪಾ, ನಿನ್ನ ಲಾರಿನೂ ಹಡದದೇನು?"

"ಹೂಂ ಅಂತ ತಿಳ್ಕೋ ಅವ್ವಾ. ಥಂಡಿ ಹತ್ತಿದ್ರ ನಾಳೆ ಏಳಂಗಿಲ್ಲ ಇದು."

"ನೀ ಹೋಗಿ ಉಣ್ಣು ಹೋಗು. ಗಂಡಸ್ರಿಗಿ ಏನ್ ತಿಳೀತದ ಬಾಣಂತನ. ನಾ ಮಾಡ್ತೀನಿ."

ಚೇಷ್ಟೆ ಮಾಡಿದಳು ಎಂದುಕೊಂಡು ನಕ್ಕು ಒಳಗೆ ಹೋದೆ.

ಬೆಳಿಗ್ಗೆ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು, ಕೌದಿ ತೆಗೆದು ಸೆಲ್ಫ್ ಸ್ಟಾರ್ಟಿನ ಗುಂಡಿ ಒತ್ತಿದೆ. ಎಂಜಿನ್ ಗರಗರ ತಿರುಗಿತು, ಹಿಡಿಯಲಿಲ್ಲ. ಇನ್ನೊಮ್ಮೆ ಒತ್ತಿದೆ, ಇಲ್ಲ. ತಿರುಗುವುದು ಚೆನ್ನಾಗಿಯೇ ತಿರುಗುತ್ತಿದ್ದುದರಿಂದ ಇದು ಬ್ಯಾಟರಿಯ ತಪ್ಪಲ್ಲ ಎಂದು ತಿಳಿಯಿತು. ಇನ್ನು ಡೀಸೆಲ್. ರಾತ್ರಿ ಪೈಪಿನೊಳಗೆ ಗಾಳಿ ಹೊಕ್ಕಿದ್ದರೆ ಡೀಸೆಲ್ ಟಾಂಕಿಗೆ ಹಿಂದೆ ಹೋಗಿಬಿಡುತ್ತದೆ. ಫಿಲ್ಟರಿನ ನಟ್ಟು ಸಡಿಲಿಸಿ ಕೈಪಂಪು ಹೊಡೆದೆ. ಗುಳ್ಳೆ ಒಂದೂ ಇಲ್ಲದೆ ಡೀಸೆಲ್ ಉಕ್ಕಿ ಹೊಸ ಅಂಗಿಯ ತೋಳನ್ನು ತೋಯಿಸಿತು. ಅದೂ ಅಲ್ಲ. ಹಾಗಾದರೆ ಚಳಿಯೇ ಎಂದು ಬಿಸಿನೀರು ತಂದು ಪಂಪಿನ ಮೇಲೆ ಸುರಿದೆ. ಸೆಲ್ಫ್ ಒತ್ತಿದೆ. ಈಗ ತಿರುಗುವುದೂ ನಿಧಾನವಾಗತೊಡಗಿತ್ತು. ಹೀಗೇ ಒತ್ತುತ್ತಾ ಹೋದರೆ ಬ್ಯಾಟರಿ ಸತ್ತೇ ಹೋಗುತ್ತದೆ. ನೂಕೋಣವೆಂದರೆ ಹಿಂದೆ ಗಟಾರ, ಮುಂದೆ ಕಾರ್ಖಾನೆಯ ಗೋಡೆ. ಗ್ಯಾರೇಜಿಗೆ ಭಾನುವಾರದ ಬೀಗ.

ಬಿಸಿಲು ಗೋಡೆಯಿಂದ ಇಳಿದು ಬಾನೆಟ್ಟಿನ ಮೇಲೆ ಬಂತು. ವಿಲೆ ಪಾರ್ಲೆಯಲ್ಲಿ ಇಷ್ಟು ಹೊತ್ತಿಗೆ ಹೆಂಗಸರು ಸೇರಿರುತ್ತಾರೆ. ಮಗಳು ಕಿಟಕಿಯ ಕಡೆ ಕಿವಿ ಇಟ್ಟು ಕುಳಿತಿರುತ್ತಾಳೆ. ಪಾನಿನವನು ಟೆಂಪೊ ಕರೆಸಲೇ ಎಂದ. ಬೇಡ ಎಂದೆ. ತವರಿನಿಂದ ಹೋಗುವುದು ಇದೊಂದೇ, ಅದನ್ನೂ ಬೇರೆಯವರ ಗಾಡಿಯಲ್ಲಿ ಹೇಗೆ ಕಳಿಸುವುದು? ಫುಟ್‌ಬೋರ್ಡಿನ ಮೇಲೆ ಕುಳಿತೆ. ಹೆಂಡತಿ ಇದ್ದಿದ್ದರೆ ಬೈಯುತ್ತಿದ್ದಳು. ಬೈಯುವವರಾದರೂ ಇರಬೇಕಿತ್ತು ಅನಿಸಿತು.

ಉಳಿದದ್ದು ಒಂದೇ ಉಪಾಯ. ಚಳಿಗಾಲದಲ್ಲಿ ಘಾಟಿನ ಮೇಲೆ ಡ್ರೈವರುಗಳು ಮಾಡುವುದು ಅದನ್ನೇ. ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೆ ಉರಿಯುವ ಪಂಜು ಹಿಡಿದರೆ ಎಂಜಿನ್ ಬಿಸಿಗಾಳಿ ಕುಡಿದು ಏಳುತ್ತದೆ. ಆದರೆ ಪಂಜು ಹಿಡಿಯಲು ಒಬ್ಬರು, ಸೆಲ್ಫ್ ಒತ್ತಲು ಒಬ್ಬರು ಬೇಕು. ನೀರಿಗೆ ಹೊರಟಿದ್ದ ಮುದುಕಿಯನ್ನು ಡ್ರೈವರ್ ಸೀಟಿಗೆ ಹತ್ತಿಸಿದೆ.

"ಯಪ್ಪಾ, ನನಗ ಬರೋದು ರೊಟ್ಟಿ ತಿರುವೋದು. ಲಾರಿ ಹ್ಯಾಂಗ ತಿರುವಲಿ?"

"ಗುಂಡಿ ಒತ್ತವ್ವಾ, ಸಾಕು."

"ಓಡಿ ಹೋದ್ರ?"

"ಓಡಿದ್ರ ನಿನಗೊಂದು ಸೀರಿ!"

ಒತ್ತಿದಳು. ಎಂಜಿನ್ ತಿರುಗಿತು. ನಾನು ಪಂಜಿನ ಉರಿಯನ್ನೇ ನೋಡುತ್ತಿದ್ದೆ. ಉರಿ ಬಾಗಿ ಪೈಪಿನೊಳಗೆ ನುಗ್ಗಬೇಕು. ಅದು ದೇವರ ಮುಂದಿನ ದೀಪದ ಹಾಗೆ ನೆಟ್ಟಗೆ ನಿಂತಿತ್ತು. ಅಂದರೆ ಎಂಜಿನ್ ಉಸಿರೇ ಎಳೆಯುತ್ತಿಲ್ಲ! ಚಳಿಯೂ ಅಲ್ಲ, ಡೀಸೆಲ್ಲೂ ಅಲ್ಲ. ಪಂಜು ಬಿಸಾಕಿ ಪೈಪಿಗೆ ಕೈ ತೂರಿಸಿದೆ. ಒಳಗಿನಿಂದ ಹತ್ತಿ ತುಂಬಿದ ಬಟ್ಟೆಯ ಉಂಡೆಯೊಂದು ಬಂತು.

ಮುದುಕಿ ಸೀಟಿನಿಂದಲೇ ಕಿರುಚಿದಳು: "ಹೊರಗ ಯಾಕ ತಗದಿ? ಥಂಡಿ ಹೋಗ್ತದ ಕಿವ್ಯಾಗ! ನಿನ್ನೆ ನಾನೇ ಇಟ್ಟೀನಿ!"

"ಅವ್ವಾ, ಅದು ಕಿವಿ ಅಲ್ಲ! ಮೂಗು! ಲಾರಿ ಉಸಿರಾಡೂದು ಅದರಾಗ!"

"ಹೌದಾ? ಮತ್ತ ಪಕ್ಕಕ್ಕ ಯಾಕ ಇಟ್ಟಾರ ಮೂಗು?"

ಪಾನಿನವನು ನಕ್ಕು ನಕ್ಕು ನೆಲಕ್ಕೆ ಕುಳಿತ. ಬ್ಯಾಟರಿಯಲ್ಲಿ ಉಳಿದಿದ್ದ ಜೀವದಲ್ಲೇ ಮುದುಕಿಯಿಂದಲೇ ಗುಂಡಿ ಒತ್ತಿಸಿದೆ. ಲಾರಿ ಕೆಮ್ಮಿತು, ನಡುಗಿತು, ಗುಡುಗಿತು. ಮುದುಕಿ ಸ್ಟೇರಿಂಗ್ ತಬ್ಬಿಕೊಂಡು ಶಿವಶಿವಾ ಅಂದಳು. ಬಾ ಅವ್ವಾ ನನ್ನ ಕೂಡ ಎಂದು ಕರೆದೆ. "ಕರೀದೆ ಬೀಗರ ಮನಿಗಿ ಬರೋಳಲ್ಲ ನಾ," ಎಂದು ಕೊಡ ಎತ್ತಿಕೊಂಡು ಹೋದಳು. ಪಕ್ಕದ ಸೀಟು ಖಾಲಿಯೇ ಬಂತು.

ವಿಲೆ ಪಾರ್ಲೆಯಲ್ಲಿ ಅಳಿಯನ ಬಿಲ್ಡಿಂಗಿನ ಮುಂದೆ ಹಾರ್ನ್ ಹೊಡೆದಾಗ ಎರಡನೇ ಮಾಳಿಗೆಯ ಕಿಟಕಿಯಲ್ಲಿ ಮಗಳ ಮುಖ ಕಾಣಿಸಿತು. ತಲೆಗೆ ಬಟ್ಟೆ ಕಟ್ಟಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ಕೆಳಗಿನಿಂದ ತಿಳಿಯಲಿಲ್ಲ. ಮೇಲಿನ ಮನೆಯವರ ತೊಟ್ಟಿಲು ಆಗಲೇ ಅವರ ಬಾಗಿಲವರೆಗೆ ಇಳಿದು ಬಂದಿತ್ತು. ಅಳಿಯ ಅದನ್ನು ಬದಿಗೆ ಸರಿಸಿ ನನ್ನದಕ್ಕೆ ಹೆಗಲು ಕೊಟ್ಟ.

ಕೂಸನ್ನು ತೊಟ್ಟಿಲಿನ ಕೆಳಗಿನಿಂದ ಆಚೆ ಕೊಟ್ಟು, ಮೇಲಿನಿಂದ ಈಚೆ ತೆಗೆದುಕೊಂಡು, ಆಮೇಲೆ ಮಲಗಿಸಬೇಕು. ಒಂದು ಬದಿಗೆ ಗಂಡನ ಮನೆಯವಳು, ಇನ್ನೊಂದು ಬದಿಗೆ ತವರಿನವಳು. ಬೀಗತಿ ಕೂಸು ಹಿಡಿದು ಸುತ್ತ ನೋಡಿದಳು. "ತವರ ಕಡಿಂದ ಯಾರು ನಿಲ್ಲತೀರಿ?" ಹೆಂಗಸರೆಲ್ಲ ನೆಲ ನೋಡಿದರು. ಬಾಗಿಲ ಬಳಿ ನಿಂತಿದ್ದ ನನಗೆ ಇಳಿದು ಲಾರಿಗೆ ಹೋಗಿ ಕುಳಿತುಬಿಡೋಣ ಅನಿಸಿತು.

"ಅಪ್ಪ ನಿಲ್ಲತಾನ," ಎಂದಳು ಮಗಳು.

"ಗಂಡಸ್ರು ನಿಲ್ಲತಾರೇನ?" ಎಂದಳು ಯಾರೋ.

ಬೀಗತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬರ್ರಿ ಬೀಗರ. ಕೈ ತೊಳಕೊಂಡು ಬರ್ರಿ ಮತ್ತ, ಕೂಸಿಗೂ ಗ್ರೀಸ್ ಹಚ್ಚೀರಿ!"

ಎಷ್ಟು ತಿಕ್ಕಿದರೂ ಉಗುರಿನ ಕರಿ ಹೋಗಲಿಲ್ಲ. ಹಾಗೇ ಬಗ್ಗಿ ಕೈ ಚಾಚಿದೆ. ಬಣ್ಣದ ತೊಟ್ಟಿಲಿನ ಕೆಳಗಿನಿಂದ ಮೊಮ್ಮಗಳು ನನ್ನ ಕೈಗೆ ಬಂದಳು. ಬಿಸಿ ಬಿಸಿಯಾಗಿದ್ದಳು. ಅವಳನ್ನು ಮೇಲಿನಿಂದ ವಾಪಸು ಕೊಡಬೇಕೆಂಬುದೇ ಮರೆತುಹೋಗಿ, ಬೀಗತಿ ನನ್ನ ಮೊಣಕೈ ತಿವಿಯಬೇಕಾಯಿತು.

ಸಂಜೆ ಬೀಗರು ನನ್ನನ್ನು ಹೋಗಲು ಬಿಡಲಿಲ್ಲ. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಕುಳಿತರು. ಮಗಳೂ ಕೋಣೆಯ ಹೊಸ್ತಿಲ ಒಳಗೆ ತನ್ನ ಪಥ್ಯದ ತಾಟು ಇಟ್ಟುಕೊಂಡು ನಮ್ಮ ಕಡೆ ಮುಖ ಮಾಡಿ ಕುಳಿತಳು. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ. ಢಾಬಾದಲ್ಲಿ ಒಬ್ಬನೇ ಉಂಡು ರೂಢಿಯಾದವನು ನಾನು. ತಲೆ ಬಗ್ಗಿಸಿ ಗಬಗಬ ಮುಗಿಸಿ ಎದ್ದುಬಿಟ್ಟೆ. ನೋಡಿದರೆ ಉಳಿದವರದು ಅರ್ಧವೂ ಆಗಿರಲಿಲ್ಲ.

"ಎಲ್ಲಿಗಿ ಬೀಗರ? ಗಾಡಿ ತಪ್ಪತೈತೇನ?" ಎಂದಳು ಬೀಗತಿ, ಹುಗ್ಗಿಯ ಸೌಟು ಎತ್ತಿ. "ಕುಂಡ್ರಿ. ಎಲ್ಲಾರೂ ಕೂಡೇ ಏಳೂದು."

ಮತ್ತೆ ಕುಳಿತೆ. ತಾಟಿಗೆ ಇನ್ನೊಂದು ಸೌಟು ಬಿತ್ತು. ಅದನ್ನು ನಿಧಾನವಾಗಿ ಉಂಡೆ, ಎಲ್ಲರನ್ನೂ ನೋಡುತ್ತಾ.