ಏಳೂವರೆ ಬಸ್ಸಿನ ಕಂಡಕ್ಟರ್

ಹೋದ ವಾರ ಆಟೋ ಓಡಿಸುವವರೊಬ್ಬರು ಖಾಕಿ ಬಟ್ಟೆಯ ಪೀಸೊಂದನ್ನು ತಂದು ನನ್ನ ಹೊಲಿಗೆ ಮೇಜಿನ ಮೇಲಿಟ್ಟು ಹೋದರು. ಕತ್ತರಿ ಹಾಕುವ ಮುಂಚೆ ಮಡಿಕೆ ಬಿಡಿಸಿದೆ. ಹೊಸ ಖಾಕಿಗೆ ಅದರದ್ದೇ ಒಂದು ವಾಸನೆ. ಗಂಜಿಯದ್ದು, ಬಣ್ಣದ್ದು, ಬಿಸಿಲಿಗೆ ಕಾದ ಗೋಣಿಚೀಲದ್ದು... ಕತ್ತರಿ ಕೈಯಲ್ಲೇ ಉಳಿಯಿತು. ಏಳೆಂಟು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಒಂಬತ್ತು ವರ್ಷದ ಹುಡುಗಿಗೊಂದು ಖಾಕಿ ಶರ್ಟು ಹೊಲಿದಿದ್ದೆ.

ಅವಳು ಪಕ್ಕದ ಮನೆಯವಳು. ಮಲವಗೊಪ್ಪದಲ್ಲಿ ನಮ್ಮ ಎರಡೂ ಮನೆಗಳು ಭದ್ರಾವತಿ ರಸ್ತೆಗೆ ಮುಖ ಮಾಡಿದ್ದವು, ನಡುವೆ ಒಂದೇ ಗೋಡೆ. ಅವಳ ಅಪ್ಪ ಭದ್ರಾವತಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದರು. ಅಮ್ಮ ಬಿಡುವಾದಾಗ ಬಂದು ನಾನು ಹೊಲಿದ ಬಟ್ಟೆಗಳಿಗೆ ಕಾಜಾ ಹಾಕಿ ಗುಂಡಿ ಹಚ್ಚಿಕೊಡುತ್ತಿದ್ದಳು. ಆಗೆಲ್ಲ ಹುಡುಗಿ ನನ್ನ ಮಿಷನ್ನಿನ ಪಕ್ಕದಲ್ಲೇ ಕೂತಿರುತ್ತಿತ್ತು.

ಎರಡನೇ ಕ್ಲಾಸಿನಲ್ಲಿದ್ದಾಗ ಜ್ವರ ಬಂತು. ಬಿಟ್ಟಿತು, ಮತ್ತೆ ಬಂತು. ಆಮೇಲೆ ರಕ್ತದ ಕ್ಯಾನ್ಸರ್ ಎಂದರು. ಅಲ್ಲಿಂದ ಎರಡು ವರ್ಷ ವಾರವಾರ ತಾಯಿ ಮಗಳು ಏಳೂವರೆ ಬಸ್ಸಿಗೆ ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು. ಭದ್ರಾವತಿಯಿಂದ ಬರುವ ಆ ಖಾಸಗಿ ಬಸ್ಸಿಗೆ ಐವತ್ತು ದಾಟಿದ ಒಬ್ಬ ಕಂಡಕ್ಟರ್. ಗಂಟಲು ಅಂದರೆ ಗಂಟಲು, ಮನೆಯೊಳಗೆ ಕೂತಿದ್ದರೂ ಅವರ ‘ಶಿಮೊಗ್ಗಾ ಶಿಮೊಗ್ಗಾ’ ಕೇಳುತ್ತಿತ್ತು. ಹುಡುಗಿಗಾಗಿ ಬಾಗಿಲ ಪಕ್ಕದ ಸೀಟನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವರನ್ನು ನೋಡಿ ನೋಡಿ ಅವಳು ಎಲ್ಲ ಕಲಿತುಬಿಟ್ಟಿದ್ದಳು. ಬಟ್ಟೆಯ ಅಳತೆಗೆ ನಾನು ಪೇಪರ್ ಕಟಿಂಗ್ ಮಾಡಿ ಬಿಸಾಕಿದ ಚೂರುಗಳೇ ಅವಳ ಟಿಕೆಟ್. ಅಳತೆ ಕೊಡಲು ಬಂದ ಹೆಂಗಸರೆಲ್ಲ ಅವಳ ಹತ್ತಿರ ಟಿಕೆಟ್ ತಗೊಂಡೇ ಒಳಗೆ ಬರಬೇಕಿತ್ತು.

ಔಷಧಿ ನಾಟುತ್ತಿಲ್ಲ ಎಂದು ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದು ಒಂದು ಚಳಿಗಾಲದಲ್ಲಿ. ಅದೇ ವಾರ ಆಸ್ಪತ್ರೆಯ ನರ್ಸೊಬ್ಬರು ಹುಡುಗಿಯ ಹತ್ತಿರ ಕೂತು, ನಿಂಗೆ ಏನು ಆಸೆ ಹೇಳು ಪುಟ್ಟಾ, ನಾವು ಮಾಡಿಸ್ತೀವಿ ಎಂದು ಕೇಳಿದರಂತೆ. ದೊಡ್ಡ ಗೊಂಬೆಯನ್ನೋ ಸೈಕಲ್ಲನ್ನೋ ಕೇಳುತ್ತಾಳೆಂದು ಅವರೆಣಿಸಿದ್ದರು. ಇವಳು ಹೇಳಿದ್ದು, “ನಾನು ಬಸ್ ಕಂಡಕ್ಟರ್ ಆಗ್ಬೇಕು.”

ನರ್ಸು ಕಂಡಕ್ಟರಿಗೆ ಹೇಳಿದರು, ಕಂಡಕ್ಟರು ಬಸ್ಸಿನ ಮಾಲೀಕರನ್ನು ಒಪ್ಪಿಸಿದರು. ಒಪ್ಪದೇ ಹೋದವರು ಅವಳ ಅಪ್ಪ ಒಬ್ಬರೇ. ಆ ಸಂಜೆ ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು. “ಯಾಕೆ ಈಗ್ಲೇ ಆಸೆ ತೀರಿಸ್ಬೇಕು? ದೊಡ್ಡೋಳಾದ್ಮೇಲೆ ಆಗ್ಲಿ ಕಂಡಕ್ಟರು! ಎಲ್ರೂ ಸೇರಿ ನನ್ ಮಗಳನ್ನ ಕಳಿಸ್ಕೊಡೋಕೆ ಹೊರಟಿದೀರಾ?”

ಮರುದಿನ ಅವಳ ಅಮ್ಮ ಖಾಕಿ ಬಟ್ಟೆ ಹಿಡಿದು ಬಂದಳು. ಗಂಡನನ್ನು ಹೇಗೆ ಒಪ್ಪಿಸಿದಳೋ, ನಾನು ಕೇಳಲಿಲ್ಲ. ಹುಡುಗಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತೆಗೆದೆ. ಟೇಪು ಹಿಡಿದ ನನ್ನ ಕೈಗೆ ಪಕ್ಕೆಲುಬುಗಳು ಒಂದೊಂದಾಗಿ ಸಿಗುತ್ತಿದ್ದವು. “ಆಂಟಿ, ಜೇಬು ದೊಡ್ಡದಿರ್ಲಿ, ಎರಡಿರ್ಲಿ” ಎಂದು ಅವಳ ತಾಕೀತು. ಹೊರಡುವಾಗ ಅಮ್ಮ ಬಾಗಿಲಲ್ಲಿ ನಿಂತು, “ಅಕ್ಕ, ಒಳಗೆ ಎರಡು ಇಂಚು ಬಟ್ಟೆ ಬಿಟ್ಟು ಹೊಲಿ. ಬೆಳೆಯೋ ಮಗು” ಎಂದಳು.

ಆಯ್ತು ಅಂದೆ. ತೋಳಿಗೂ ಬಿಟ್ಟೆ, ಉದ್ದಕ್ಕೂ ಬಿಟ್ಟೆ. ಎಂಟು ದಿನದ ಮೇಲೆ ತೊಡಿಸಿದಾಗ ಶರ್ಟು ಭುಜದಿಂದ ಜಾರುತ್ತಿತ್ತು. ಬೆನ್ನಿನ ಹತ್ತಿರ ನಾಲ್ಕು ಪಿನ್ನು ಚುಚ್ಚಿ ಸರಿ ಮಾಡಿದೆ. ಅವಳಮ್ಮ ಅದನ್ನು ನೋಡಿದಳು.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಮತ್ತು ನಾನು ಆಟೋ ಮಾಡಿಕೊಂಡು ಭದ್ರಾವತಿ ಸ್ಟ್ಯಾಂಡಿಗೆ ಹೋದೆವು. ಆ ನರ್ಸೂ ಅಲ್ಲಿಗೆ ಬಂದಿದ್ದರು. ಒಂದೇ ಟ್ರಿಪ್ಪು, ಮಾಸ್ಕ್ ತೆಗೆಯಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಸ್ಸನ್ನು ತೊಳೆದು ನಿಲ್ಲಿಸಿದ್ದರು. ಕಂಡಕ್ಟರು ತಮ್ಮ ಚರ್ಮದ ಬ್ಯಾಗನ್ನು ಅವಳ ಕೊರಳಿಗೆ ಹಾಕಿ, ಪಟ್ಟಿಗೆ ಮೂರು ಗಂಟು ಹಾಕಿದರು. ಹೊಸ ಸೀಟಿಯನ್ನೂ ಕೊಟ್ಟರು. ಅವಳು ಮಾಸ್ಕ್ ಸ್ವಲ್ಪ ಎತ್ತಿ ಊದಿದಳು. ಉಸಿರು ಸಾಲಲಿಲ್ಲ, ಸೀಟಿಯಿಂದ ಗಾಳಿ ಮಾತ್ರ ಬಂತು. ಮತ್ತೊಮ್ಮೆ ಊದಿದಳು. ನಾವೆಲ್ಲ ಎಲ್ಲೆಲ್ಲೋ ನೋಡುತ್ತಾ ನಿಂತೆವು. ಕಂಡಕ್ಟರು ತಡಮಾಡದೆ, “ಸೀಟಿ ಎಲ್ಲ ಹೊಸಬರಿಗೆ ಕಣಮ್ಮ. ಸೀನಿಯರ್ ಆದೋರು ಬಾಗ್ಲು ತಟ್ತಾರೆ” ಎಂದರು. ಅವಳು ಅಂಗೈಯಿಂದ ತಗಡನ್ನು ಎರಡು ಸಲ ತಟ್ಟಿ “ರೈಟ್, ರೈಟ್” ಎಂದಳು. ಬಸ್ಸು ಹೊರಟಿತು. ಮಾಸ್ಕಿನ ಮೇಲೆ ಕಾಣುತ್ತಿದ್ದ ಆ ಕಣ್ಣುಗಳನ್ನು ನಾನಿನ್ನೂ ಮರೆತಿಲ್ಲ.

ಮುಂದಿನ ಸೀಟಿನ ಅಜ್ಜಿಯೊಬ್ಬರಿಗೆ ವಿಷಯ ಗೊತ್ತಿರಲಿಲ್ಲ. “ಏನೇ ಮಾರಾಯ್ತಿ, ಇಷ್ಟು ಚಿಕ್ಕದನ್ನ ಕೆಲಸಕ್ಕೆ ಹಾಕ್ಕೊಂಡಿದಾರಾ?”

“ಇವತ್ತೇ ಜಾಯಿನ್ ಆಗಿದ್ದು ಅಜ್ಜಿ. ಎಲ್ಲಿಗೆ?”

“ಆಲ್ಕೊಳ ಸರ್ಕಲ್ಲು.”

“ಇದು ಅಲ್ಲಿಗೆ ಹೋಗಲ್ಲ. ಸ್ಟ್ಯಾಂಡಲ್ಲಿ ಇಳಿದು ಸಿಟಿ ಬಸ್ ಹತ್ತಿ.”

ಕಂಡಕ್ಟರು ಹಿಂದೆಯೇ ನಿಂತು ಅವಳ ಸೊಂಟ ಹಿಡಿದುಕೊಂಡಿದ್ದರು. ಹಾಗೇ ಒಂದೊಂದು ಸೀಟು ದಾಟಿ ಕೊನೆಯವರೆಗೆ ಬಂದಳು. ಕೊನೆಯ ಸೀಟಿನ ಮೂಲೆಯಲ್ಲಿ ಅವಳ ಅಪ್ಪ ಕೂತಿದ್ದರು. ಬರುವುದಿಲ್ಲ ಎಂದವರು ಯಾವಾಗ ಹತ್ತಿದರೋ ನಾವು ಯಾರೂ ನೋಡಿರಲಿಲ್ಲ. ಅವಳು ಗುರುತೇ ಇಲ್ಲದವಳ ಹಾಗೆ ಕೇಳಿದಳು. “ಎಲ್ಲಿಗೆ?”

“ನೀನು ಎಲ್ಲಿವರೆಗೆ ಹೋಗ್ತೀಯೋ ಅಲ್ಲಿವರೆಗೆ” ಎಂದರು ಅವರು.

“ಹಂಗೆಲ್ಲ ಆಗಲ್ಲ. ಸ್ಟಾಪ್ ಹೆಸರು ಹೇಳ್ಬೇಕು.”

ಬಸ್ಸಿನಲ್ಲಿ ನಗು ಎದ್ದಿತು. ಅವರೂ ನಕ್ಕರು. ನಗುತ್ತಲೇ ಕಿಟಕಿಯ ಕಡೆ ಮುಖ ತಿರುಗಿಸಿ “ಶಿವಮೊಗ್ಗ” ಎಂದರು.

ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರೂ ಯಾರೂ ಹೋಗಲಿಲ್ಲ, ಬಾಗಿಲ ಹತ್ತಿರವೇ ನಿಂತರು. ಅವಳ ತುಟಿ ಬೆಳ್ಳಗಾಗಿತ್ತು, ಕಾಲು ನಡುಗುತ್ತಿತ್ತು. ಅಪ್ಪ ಎತ್ತಿಕೊಂಡರು. ಕಂಡಕ್ಟರು ಬ್ಯಾಗನ್ನು ಬಿಚ್ಚಿಕೊಳ್ಳುವಾಗ ಅವಳು ಕೇಳಿದಳು, “ನಾಳೆ ಎಷ್ಟು ಗಂಟೆಗೆ ಡ್ಯೂಟಿ?”

ನರ್ಸು ಮುಖ ತಗ್ಗಿಸಿದರು. ಒಂದೇ ಒಂದು ದಿನದ್ದು ಎಂದು ಅವಳಿಗೆ ನಾವು ಯಾರೂ ಹೇಳಿರಲಿಲ್ಲ... ಕಂಡಕ್ಟರು ಅವಳ ಅಪ್ಪನ ಮುಖ ನೋಡಿ, ಆಮೇಲೆ ಹೇಳಿದರು. “ಏಳೂವರೆ ಬಸ್ಸು. ಲೇಟಾಗ್ಬಾರ್ದು. ನೀನು ಹತ್ತೋದು ಬೇಡ, ನಿಮ್ಮನೆ ಜಗಲಿ ಮೇಲೇ ಡ್ಯೂಟಿ. ನೀನು ರೈಟ್ ಅನ್ನೋವರೆಗೆ ಗಾಡಿ ಬಿಡಲ್ಲ.”

ಸುಮ್ಮನೆ ಸಮಾಧಾನಕ್ಕೆ ಹೇಳಿದ್ದು ಅಂದುಕೊಂಡಿದ್ದೆ. ಮರುದಿನ ಏಳೂವರೆಗೆ ಬಸ್ಸು ಬಂದು ಅವರ ಮನೆಯೆದುರೇ ನಿಂತಿತು. ಅವಳು ಖಾಕಿ ಶರ್ಟು ಹಾಕಿಕೊಂಡು ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದಳು. ಜನ ಹತ್ತುವುದನ್ನು ನೋಡಿದಳು, ಕೈ ಎತ್ತಿದಳು. ಬಸ್ಸು ಹೊರಟಿತು. ಅದರ ಮರುದಿನವೂ, ಅದರ ಮರುದಿನವೂ ಹಾಗೇ. ಆಫೀಸಿಗೆ ಹೋಗುವವರು ಕೂಡ ಗೊಣಗಲಿಲ್ಲ. ಹಿಂದೆ ಹಾರನ್ ಹೊಡೆದ ಲಾರಿಯವರಿಗೆ ಡ್ರೈವರ್ರೇ ಇಳಿದು ಹೋಗಿ ಹೇಳಿ ಬಂದ ದಿನವೂ ಒಂದಿತ್ತು. ಕೊನೆಕೊನೆಗೆ ಕೂರಲು ಆಗುತ್ತಿರಲಿಲ್ಲ. ಅಪ್ಪ ತೊಡೆಯ ಮೇಲೆ ಮಲಗಿಸಿಕೊಂಡು ಅವಳ ಕೈಯನ್ನು ತಾವೇ ಹಿಡಿದು ಎತ್ತುತ್ತಿದ್ದರು. ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು.

ಮೂರು ವಾರ ನಡೆಯಿತು. ಒಂದು ಬೆಳಿಗ್ಗೆ ಬಸ್ಸು ಬರುವ ಹೊತ್ತಿಗೆ ಜಗಲಿಯ ತುಂಬ ಜನರಿದ್ದರು. ಬಸ್ಸು ನಿಂತಿತು. ಕಂಡಕ್ಟರು ಇಳಿದು ಒಳಗೆ ಬಂದು ಅವಳ ಕಾಲ ಬಳಿ ಒಂದು ಗಳಿಗೆ ನಿಂತರು. ವಾಪಸ್ ಹೋಗಿ ಫುಟ್‌ಬೋರ್ಡಿನ ಮೇಲೆ ನಿಂತರು. ಬಸ್ಸು ಹೊರಡಲಿಲ್ಲ. ರೈಟ್ ಅನ್ನುವವರು ಯಾರು... ಆಗ ಅವಳ ಅಪ್ಪ ಎದ್ದು ರಸ್ತೆಗೆ ಬಂದು ಬಸ್ಸಿನ ತಗಡನ್ನು ಎರಡು ಸಲ ತಟ್ಟಿದರು.

ವರ್ಷ ತುಂಬುವುದರೊಳಗೆ ಅವರು ಮನೆ ಖಾಲಿ ಮಾಡಿ ಭದ್ರಾವತಿಗೇ ಹೋದರು. ಒಂದೆರಡು ಸಲ ಹೋಗಿ ನೋಡಿ ಬಂದೆ. ಆಮೇಲೆ ನನಗೂ ಹೋಗಲಾಗಲಿಲ್ಲ, ಅವರೂ ಬರಲಿಲ್ಲ.

ಈ ಭಾನುವಾರ ಆ ಕಂಡಕ್ಟರು ಬಂದಿದ್ದರು. ಕೆಲಸ ಬಿಟ್ಟಿದ್ದಾರೆ. ಮಂಡಿನೋವು, ಗಂಟಲೂ ಮೊದಲಿನ ಹಾಗಿಲ್ಲ. ಚಹಾ ಕುಡಿದು ಲೋಟ ಕೆಳಗಿಟ್ಟು ಕೇಳಿದರು, “ಅಕ್ಕ, ಅವತ್ತಿನ ಆ ಟ್ರಿಪ್ಪಿಂದ ಏನಾದ್ರೂ ಆಯ್ತಾ? ಧೂಳು, ಜನ... ಕರ್ಕೊಂಡು ಹೋಗ್ದೇ ಇದ್ದಿದ್ರೆ ಇನ್ನೊಂದು ತಿಂಗಳು ಇರ್ತಿತ್ತೇನೋ ಮಗು.”

ಹಾಗೇನಿಲ್ಲ ಎಂದು ಡಾಕ್ಟರೇ ಹೇಳಿದ್ದರು, ಅವಳಪ್ಪನೂ ಕೇಳಿ ತಿಳಿದುಕೊಂಡಿದ್ದರು ಎಂದೆ. ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಇದೊಂದು ಪ್ರಶ್ನೆಯನ್ನು ಹೊತ್ತುಕೊಂಡು ಅವರು ಅದೇ ರಸ್ತೆಯಲ್ಲಿ ಓಡಾಡಿದ್ದರು.

ಬೀಳ್ಕೊಡಲು ಹೊರಗೆ ಬಂದೆ. ಕೈ ತೋರಿಸಿದ್ದಕ್ಕೆ ಒಂದು ಬಸ್ಸು ದೂರ ಹೋಗಿ ನಿಂತಿತು. ಅವರು ಮಂಡಿ ಹಿಡಿದುಕೊಂಡು ಅಲ್ಲಿಯವರೆಗೆ ನಡೆದು, ಎಲ್ಲರ ಹಾಗೆ ಹತ್ತಿ ಹೋದರು. ಪಕ್ಕದ ಮನೆಯ ಜಗಲಿಯಲ್ಲಿ ಯಾರದ್ದೋ ಬಟ್ಟೆ ಒಣಗುತ್ತಿತ್ತು. ಹೊಸದಾಗಿ ಬಂದ ಸಂಸಾರ. ಅಲ್ಲೊಬ್ಬಳು ಕೂತಿರುತ್ತಿದ್ದಳು ಎಂದು ನಾನು ಅವರಿಗೆ ಇನ್ನೂ ಹೇಳಿಲ್ಲ.