ಕೆಂಪು ಸುತ್ತಿನೊಳಗಿನ ನಲವತ್ತಾರು

ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದಾಗ ನಾನು ಹುಮನಾಬಾದ್ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕನಾಗಿದ್ದೆ. ಒಂಬತ್ತನೇ ತರಗತಿಗೆ ಆ ವರ್ಷ ಒಂದು ಅಭ್ಯಾಸ ಪರೀಕ್ಷೆ ಬಂತು. ಹಲವು ತಾಲ್ಲೂಕುಗಳ ಮಕ್ಕಳಿಗೆ ಒಂದೇ ಪ್ರಶ್ನೆಪತ್ರಿಕೆ. ಫಲಿತಾಂಶದ ಹಾಳೆಯಲ್ಲಿ ಮೂರು ಕಾಲಂಗಳಿದ್ದವು: ನೂರಕ್ಕೆ ಅಂಕ, ಪರ್ಸೆಂಟೈಲ್, ಪಾಠವಾರು ಸರಿ-ತಪ್ಪು.

ನಾನು ನೋಡಿದ್ದು ಮೊದಲ ಕಾಲಂ ಮಾತ್ರ. ಐವತ್ತರ ಕೆಳಗಿನ ಅಂಕಕ್ಕೆ ಹಾಳೆಯಲ್ಲೂ ಮಕ್ಕಳ ಅಂಕಚೀಟಿಯಲ್ಲೂ ಕೆಂಪು ಸುತ್ತು ಹಾಕಿ, ಚೀಟಿಯನ್ನು ಪಾಲಕರ ಸಹಿಗೆ ಕಳಿಸುವುದು ನನ್ನ ಮೂವತ್ತು ವರ್ಷದ ರೂಢಿ. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೈದು ಮಂದಿಗೆ ಸುತ್ತು ಬಿತ್ತು. ಪತ್ರಿಕೆಯೇ ಕಠಿಣವಿದ್ದೀತು ಎಂದು ಹೊಳೆಯಲಿಲ್ಲ. ಮಕ್ಕಳನ್ನೇ ಬಾಯಿಗೆ ಬಂದಂತೆ ಬೈದೆ.

ಮರುದಿನದಿಂದ ಬೇಮಳಖೇಡದ ರೇಣುಕಾ ಶಾಲೆಗೆ ಬರಲಿಲ್ಲ. ಆಕೆಗೆ ನಲವತ್ತಾರು ಬಂದಿತ್ತು.

ವಾರದ ನಂತರ ಬಸವಕಲ್ಯಾಣದಲ್ಲಿ ಶಿಕ್ಷಕರ ತರಬೇತಿ. ಪಾಠ ಹೇಳುತ್ತಿದ್ದ ಹೆಣ್ಣುಮಗಳಿಗೆ ನನ್ನ ಮಗಳ ವಯಸ್ಸು. ನನ್ನ ಹಾಳೆ ನೋಡಿ, “ಸರ್, ಈ ಹುಡುಗೀದು ಪರ್ಸೆಂಟೈಲ್ ಎಂಬತ್ತೆಂಟು ಅದರಿ. ನೂರು ಮಂದಿ ಬರೆದ್ರ ಎಂಬತ್ತೆಂಟು ಮಂದಿ ಈಕಿಕಿಂತ ಕೆಳಗ. ಕೆಂಪು ಯಾಕ ಹಾಕೀರಿ?” ಎಂದಳು.

ಅಲ್ಲಿಂದ ನೇರ ಬೇಮಳಖೇಡದ ಬಸ್ಸು ಹಿಡಿದೆ. ರೇಣುಕಾಳ ತಂದೆ ಮಾಳಪ್ಪ ಕುರಿ ಕಾಯುವವನು. ಓದು ಬರಹ ಬಾರದು.

“ಓದಾಕ ಬರಲ್ರಿ, ಆದ್ರ ಕೆಂಪು ಅಂದ್ರ ಫೇಲ್ ಅಂತ ಗೊತ್ತದ. ಆಕಿನೂ ಅದನ್ನೇ ಹೇಳಿ ಅತ್ತಳು. ಸಾಲಿ ಸಾಕು ಬಿಡವ್ವ ಅಂದೆ,” ಎಂದ.

ನೂರು ಮಂದಿಯ ಲೆಕ್ಕ ಬಿಡಿಸಿ ಹೇಳಿ, “ಗಲತಿ ನಂದು,” ಎಂದೆ.

“ಅದನ್ನ ಆಕಿಗಿ ಹೇಳ್ರಿ.”

ಹದಿನಾಲ್ಕರ ಹುಡುಗಿಯ ಎದುರು ತಪ್ಪೊಪ್ಪಿಕೊಳ್ಳುವುದು ನನ್ನಂಥ ಸಿಡುಕನಿಗೆ ಸುಲಭವಿರಲಿಲ್ಲ. ಹೇಳಿದೆ. ನಾಳೆಯಿಂದ ಬರುತ್ತೇನೆಂದಳು. ಆಮೇಲೆ ತಲೆ ತಗ್ಗಿಸಿ ಕೇಳಿದಳು: “ಸರ್, ಸವಿತಾನ ಮನಿಗೂ ಹೋಗ್ತೀರೇನ್ರಿ?”

ಸವಿತಾ ಅದೇ ಊರಿನ ಕೂಲಿಕಾರರ ಮಗಳು, ಅದೇ ತರಗತಿ. ಆಕೆಯೂ ವಾರದಿಂದ ಗೈರು. ಹಾಜರಿ ಹಾಕುತ್ತಿದ್ದ ನನ್ನ ಗಮನಕ್ಕೇ ಬಂದಿರಲಿಲ್ಲ. ಆಕೆಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹಾಳೆ ತೆಗೆದೆ. ಅಂಕ ಇಪ್ಪತ್ತೊಂದು, ಪರ್ಸೆಂಟೈಲ್ ಮೂವತ್ತು. ಮೂರನೇ ಕಾಲಂ ನೋಡಿದರೆ ತಪ್ಪಿದ್ದೆಲ್ಲ ಹೆಚ್ಚುಕಡಿಮೆ ಭಿನ್ನರಾಶಿಯ ಲೆಕ್ಕಗಳೇ. ಹದಿನೈದು ದಿನ ಎದುರಿಗೆ ಕೂರಿಸಿಕೊಂಡು ಕಲಿಸಬಹುದಾಗಿದ್ದ ಪಾಠ.

“ಮಂಠಾಳದಾಗಿನ ನಮ್ಮಕ್ಕನ ಮನಿಗಿ ಕಳಿಸಿನ್ರಿ, ಕೂಲಿಗಿ ಹೋಗಾಕತ್ತಾಳ,” ಎಂದಳು ಆಕೆಯ ತಾಯಿ. “ಒಂದು ವಾರ ಮೊದಲ ಬರಬೇಕಿತ್ತು, ಮಾಸ್ತರ.”

ಮಂಠಾಳಕ್ಕೆ ಎರಡು ಸಲ ಹೋದೆ. ಸವಿತಾ ಮರಳಿ ಬರಲಿಲ್ಲ.

ಅಂಕ ಕೊಟ್ಟರೆ ಶಿಕ್ಷಕನ ಕೆಲಸ ಮುಗಿಯುವುದಿಲ್ಲ, ಅದರ ಅರ್ಥವನ್ನು ಮನೆಯವರಿಗೆ ಮುಟ್ಟಿಸಬೇಕು ಎಂಬುದು ಆ ವರ್ಷ ಕಲಿತ ಪಾಠ. ಇನ್ನೊಂದನ್ನು ಹೇಳಲು ಇಂದಿಗೂ ಸಂಕಟವಾಗುತ್ತದೆ. ಎಂಬತ್ತೆಂಟು ಕಂಡದ್ದರಿಂದ ನಾನು ಅಂದು ಬಸ್ಸು ಹತ್ತಿದೆ. ಬರೀ ಮೂವತ್ತು ಕಂಡಿದ್ದರೆ ಹತ್ತುತ್ತಿರಲಿಲ್ಲ.