ಅಕ್ಕೋರ ರವಿವಾರಗಳು

ಕಳೆದ ವಾರ ಬಾಗಲಕೋಟೆಯ ದವಾಖಾನೆಯಲ್ಲಿ ನರ್ಸಮ್ಮ ಸೂಜಿ ಚುಚ್ಚುವ ಮೊದಲು ನನ್ನ ತೋಳಿಗೆ ಸ್ಪಿರಿಟ್ಟಿನ ಅರಳೆ ಒರೆಸಿದರು. ಮೂಗಿಗೇರುವ ಆ ವಾಸನೆಗೆ ನಮ್ಮ ವಿಜ್ಞಾನದ ಅಕ್ಕೋರು ನೆನಪಾದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು. ಗುಡೂರಿನ ಹೈಸ್ಕೂಲಿಗೆ ನಾನು ಕನ್ನಡ ಕಲಿಸಲು ಹೊಸದಾಗಿ ಸೇರಿದಾಗ, ಪಕ್ಕದ ಕುರ್ಚಿ ಎಳೆದು ಕೂಡಿಸಿಕೊಂಡು ತಮ್ಮ ಬುತ್ತಿಯ ರೊಟ್ಟಿ ಕೊಟ್ಟವರು ಅವರು.

ಅವರಿಗೆ ಒಬ್ಬಳೇ ಮಗಳು. ರಕ್ತದ ಕಣಗಳು ಸರಿಯಾಗಿ ರೂಪುಗೊಳ್ಳದೆ ಒಡೆದುಹೋಗುವ, ಬಹಳ ಅಪರೂಪದ ರೋಗ ಅವಳಿಗಿತ್ತು. ಊರೂರು ಅಲೆದು, ಕೊನೆಗೆ ಬೆಂಗಳೂರಿನ ಡಾಕ್ಟರು ಆ ರೋಗದ ಹೆಸರು ಹೇಳುವಷ್ಟರಲ್ಲಿ ಹೊತ್ತು ಮೀರಿತ್ತು. ಏಳನೆಯ ತರಗತಿ ಮುಗಿಸಲಿಲ್ಲ ಆ ಹುಡುಗಿ...

ಕೆಲವು ತಿಂಗಳ ಮೇಲೆ ಅಕ್ಕೋರು ಒಂದು ಸೂಕ್ಷ್ಮದರ್ಶಕ ಕೊಂಡರು. ರವಿವಾರ ಬಂತೆಂದರೆ ಬಾದಾಮಿಯಲ್ಲೋ ಇಳಕಲ್ಲಿನಲ್ಲೋ ಮೇಜು ಹಾಕಿ ನಿಲ್ಲುತ್ತಿದ್ದರು. ಡಾಕ್ಟರನ್ನು ಕೇಳಿ ತಂದ ಎರಡು ಗಾಜಿನ ಪಟ್ಟಿ, ಎರಡರ ಮೇಲೂ ಒಣಗಿದ ರಕ್ತದ ತೆಳು ಲೇಪ.

"ಬರ್ರಿ, ನೋಡ್ರಿ. ಇದು ನಂದು, ಇದು ನನ್ನ ಮಗಳದು. ಒಂದ್ರಾಗ ಕಣ ಗುಂಡಗ ಅದಾವ, ಇನ್ನೊಂದ್ರಾಗ ಹರದ ಅರಿವಿಯಂಗ ಅದಾವ."

ನೋಡಿದವರು ಕೈಲಾದದ್ದನ್ನು ಡಬ್ಬಿಗೆ ಹಾಕುತ್ತಿದ್ದರು. ಅದೆಲ್ಲ ಆ ರೋಗದ ಸಂಶೋಧನೆಗೆ. ಒಬ್ಬೊಬ್ಬರು ನೋಡಿದ ಮೇಲೂ ಕಣ್ಣಿಡುವ ಜಾಗವನ್ನು ಅಕ್ಕೋರು ಸ್ಪಿರಿಟ್ಟಿನಿಂದ ಒರೆಸುತ್ತಿದ್ದರು. ಜೊತೆಗೆ ಹೋದಾಗ ಆ ಕೆಲಸ ನನ್ನದು.

ಅವರ ಭಾವನವರಿಗೆ ಇದು ಸರಿಬರಲಿಲ್ಲ. "ಕೂಸಿನ ಹೆಸರಿನ್ಯಾಗ ದಾಸೋಹ ಮಾಡ್ರಿ. ಹಿಂಗ ಬೀದ್ಯಾಗ ನಿಂತು ಆಕಿ ರಕ್ತಾ ತೋರಸ್ತೀರೇನು?" ಎಂದರು.

"ಇದೂ ದಾಸೋಹಾನ ರಿ," ಎಂದರು ಅಕ್ಕೋರು.

ಅಕ್ಕೋರ ಯಜಮಾನರು ಮೇಜು ಹೊತ್ತು ತರುತ್ತಿದ್ದರು, ಹಾಕಿಕೊಡುತ್ತಿದ್ದರು, ಆಮೇಲೆ ದೂರದ ಚಹಾದಂಗಡಿಗೆ ಹೋಗಿ ಬೆನ್ನು ತಿರುಗಿಸಿ ಕೂಡುತ್ತಿದ್ದರು. ಅವರು ಒಮ್ಮೆಯೂ ಸೂಕ್ಷ್ಮದರ್ಶಕದೊಳಗೆ ಇಣುಕಿದ್ದನ್ನು ನಾನು ಕಂಡಿರಲಿಲ್ಲ.

ಒಂದು ರವಿವಾರ ಇಳಕಲ್ಲಿನ ನೇಕಾರರ ಓಣಿಯಲ್ಲಿದ್ದೆವು. ಮುದುಕಿಯೊಬ್ಬಳು ಬಹಳ ಹೊತ್ತು ಬಗ್ಗಿ ನೋಡಿ, "ಇದರಾಗ ನಿನ್ನ ಕೂಸಿಂದು ಯಾವುದವ್ವಾ?" ಎಂದಳು. ಎಷ್ಟೋ ಜನ ಕೇಳಿದ್ದ ಪ್ರಶ್ನೆಯೇ. ಆದರೆ ಆ ದಿನ ಅಕ್ಕೋರು ಸೆರಗು ಬಾಯಿಗಿಟ್ಟುಕೊಂಡು ನಿಂತುಬಿಟ್ಟರು.

ಚಹಾದಂಗಡಿಯಿಂದ ಯಾಕೋ ತಿರುಗಿ ನೋಡಿದ ಯಜಮಾನರು ಕಪ್ಪು ಕೆಳಗಿಟ್ಟು ಎದ್ದು ಬಂದರು. ಕನ್ನಡಕ ತೆಗೆದು, ಬಗ್ಗಿ, ಕಣ್ಣಿಟ್ಟರು. ಎಷ್ಟು ಹೊತ್ತು ಹಾಗೇ ಇದ್ದರೋ... ಎದ್ದಾಗ ಮುಖ ತೊಯ್ದಿತ್ತು.

"ಈ ಕಡೀದು ಆಯಿ. ಇದು ನನ್ನ ಮಗಳದು," ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಣ ಯಾಕೆ ಒಡೆಯುತ್ತವೆ, ಮೊದಲೇ ಗೊತ್ತಾದರೆ ಏನು ಮಾಡಬಹುದು, ಎಲ್ಲವನ್ನೂ ಬಿಡಿಸಿ ಹೇಳಿದರು. ಮುದುಕಿ ಸೆರಗಿನ ಗಂಟು ಬಿಚ್ಚಿ ನೋಟೊಂದನ್ನು ಡಬ್ಬಿಗೆ ಹಾಕಿ, "ಇನ್ನೊಂದು ಕೂಸಾದ್ರೂ ಉಳೀಲಿ" ಎಂದು ಹೋದಳು. ಅಂದಿನಿಂದ ಗಂಡ ಹೆಂಡತಿ ಇಬ್ಬರೂ ಮೇಜಿನ ಬಳಿಯೇ ನಿಲ್ಲುತ್ತಿದ್ದರು.

ಆ ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಸಿಕ್ಕಿಲ್ಲ. ಆದರೆ ಬೇಗ ಗುರುತಿಸುವ ಪರೀಕ್ಷೆ ಬಂದಿದೆ, ಉಲ್ಬಣಿಸದಂತೆ ತಡೆಯುವ ಮಾತ್ರೆಗಳೂ ಇವೆ. ಅಕ್ಕೋರು ತೀರಿಕೊಂಡು ಎರಡು ವರ್ಷವಾಯಿತು. ಪಕ್ಕದ ಕುರ್ಚಿಯಲ್ಲಿ ಈಗ ಬೇರೆಯವರು ಕೂಡುತ್ತಾರೆ.

ಮೊನ್ನೆ ಹುನಗುಂದದ ಬಸ್ ನಿಲ್ದಾಣದಲ್ಲಿ ಯಜಮಾನರು ಸಿಕ್ಕಿದ್ದರು. ಮರೋಳದ ಒಂದು ಹುಡುಗಿಗೆ ಅದೇ ರೋಗವಂತೆ, ಬೇಗ ಗೊತ್ತಾಗಿ ಮಾತ್ರೆ ಸಿಕ್ಕಿತಂತೆ. ನೋಡಿ ಬರುತ್ತಿದ್ದರು.

"ಹೆಂಗದಾಳ್ರಿ?" ಎಂದೆ.

"ಸಾಲಿಗೆ ಹೋಗೂದ ಬಿಟ್ಟು ಗಿಡಾ ಹತ್ತಿ ಕುಂತಿದ್ಲು. ಅವರವ್ವ ಕೆಳಗ ನಿಂತು ಬಾಯಿಗೆ ಬಂದಂಗ ಬೈಯಾಕ ಹತ್ತಿದ್ಲು," ಎಂದು ನಕ್ಕರು. ಆಮೇಲೆ, "ನಿಮ್ಮ ಅಕ್ಕೋರು ಇರಬೇಕಾಗಿತ್ತ್ರಿ... ಆ ಬೈಗಳಾ ಕೇಳಾಕ" ಎಂದರು.